ಲಾಕ್ ಇಲ್ಲದ ಕಾಲುವೆ

ಡೆರಿಕ್ ಮೆಟ್ಟಿಲಿಳಿಯುವ ಸದ್ದು ಕೇಳಿತು. ಗ್ಲೆನಿಸ್ ದೋಣಿ ಬಾಡಿಗೆಯವರ ಪುಸ್ತಿಕೆಯಲ್ಲಿ ಗೆರೆ ಎಳೆಯುತ್ತಿದ್ದ ಪುಟವನ್ನು ತಟ್ಟನೆ ಮಗುಚಿದಳು.

ಹದಿಮೂರು ಮೆಟ್ಟಿಲು. ಏಳನೆಯದರಲ್ಲಿ ಅವನು ನಿಂತ. ಮಾರ್ಚಿನಲ್ಲಿ ಎದೆ ಸೀಳಿ ಹೊಲಿದಂದಿನಿಂದ ಏಳನೆಯದರಲ್ಲಿ ನಿಲ್ಲುತ್ತಾನೆ. ಅವಳು ಉಸಿರು ಬಿಗಿಹಿಡಿದು ಕಾದಳು. ಮತ್ತೆ ಹೆಜ್ಜೆ ಕೇಳಿತು.

"ಹೂಂ, ಈ ಸಲ ಎಲ್ಲಿಗೆ ಎಳ್ಕೊಂಡು ಹೋಗ್ತೀಯಾ ನನ್ನ?" ಎನ್ನುತ್ತ ಅವನು ಕುರ್ಚಿಯಲ್ಲಿ ಕುಸಿದ.

ಪ್ರತಿ ಅಕ್ಟೋಬರಿನಲ್ಲೂ ಅವರ ಅಡುಗೆಮನೆಯ ಮೇಜಿನ ಮೇಲೆ ಕಾಲುವೆಗಳ ನಕ್ಷೆ ಹರಡಿಕೊಳ್ಳುತ್ತದೆ. ಮುಂದಿನ ಮೇ ತಿಂಗಳ ಬಾಡಿಗೆ ದೋಣಿಯನ್ನು ಈಗಲೇ ಗೊತ್ತು ಮಾಡಬೇಕು. ಮೂವತ್ತೊಂದು ವರ್ಷದಿಂದ ಇದೇ ಪದ್ಧತಿ. ಪ್ರತಿ ವರ್ಷ ಸೀಮೆ ಬೇರೆ, ಕೆಲಸದ ಹಂಚಿಕೆ ಮಾತ್ರ ಒಂದೇ. ಗಂಡ ಹಿಂದೆ ನಿಂತು ಚುಕ್ಕಾಣಿ ಹಿಡಿಯುತ್ತಾನೆ. ಕಾಲುವೆ ಮೇಲಕ್ಕೆ ಹತ್ತುವ ಕಡೆ ಲಾಕ್, ಎಂದರೆ ಹಿಂದೆ ಮುಂದೆ ಬಾಗಿಲಿರುವ ಕಲ್ಲಿನ ತೊಟ್ಟಿ, ಬಂದಾಗ ಹೆಂಡತಿ ದಂಡೆಗೆ ಹಾರುತ್ತಾಳೆ. ಬೆನ್ನು ಕೊಟ್ಟು ಆ ಭಾರದ ಬಾಗಿಲು ನೂಕುತ್ತಾಳೆ, ಕಬ್ಬಿಣದ ಹಿಡಿಕೆ ತಿರುಗಿಸಿ ನೀರು ಬಿಡುತ್ತಾಳೆ. ನೀರು ಏರಿದಂತೆ ದೋಣಿ ಏರುತ್ತದೆ. ಕಾಲುವೆಯ ಮೇಲೆ ಎಲ್ಲ ಗಂಡಹೆಂಡಿರೂ ಹೀಗೆಯೇ. ಯಾಕೆಂದು ಯಾರೂ ಕೇಳಿದ್ದಿಲ್ಲ.

"ಟಾರ್ಡೆಬಿಗ್," ಎಂದ ಡೆರಿಕ್. "ಒಂದರ ಹಿಂದೆ ಒಂದು ಮೂವತ್ತು ಲಾಕ್. ಇನ್ನೊಂದ್ಸಲ ಹತ್ತಿ ಬಿಡೋಣ."

"ಬೇಡ."

"ಲಾಂಗೋಲೆನ್?"

"ಅಲ್ಲಿ ಎತ್ತೋ ಸೇತುವೆಗಳಿವೆ. ಸೇತುವೆ ಎತ್ತೋಕೆ ಒಬ್ಬರು, ದೋಣಿ ದಾಟಿಸೋಕೆ ಒಬ್ಬರು ಬೇಕು."

"ಇದೀವಲ್ಲ ಇಬ್ರು!"

ಗ್ಲೆನಿಸ್ ಎದ್ದು ಬಾಣಲೆ ತಂದು ಅವನ ಮುಂದೆ ಇಟ್ಟಳು.

"ಮೊಟ್ಟೆ ಹುರ್ಕೊ."

"ಎದೆಗೆ ಹೊಲಿಗೆ ಹಾಕಿಸ್ಕೊಂಡವನ ಕೈಲಿ ಅಡುಗೆ ಮಾಡಿಸ್ತೀಯಾ, ಮಾರಾಯ್ತಿ?"

"ಬರೀ ಮೊಟ್ಟೆ. ಉರಿ ಸಣ್ಣ ಮಾಡು. ಅಷ್ಟೂ ಗೊತ್ತಿಲ್ವಾ ನಿನಗೆ?"

ಗೊತ್ತಿರಲಿಲ್ಲ. ಅಂಚು ಕರಕಲಾಯಿತು. ಅವಳು ಇನ್ನೊಂದು ಒಡೆಸಿದಳು. ಅದೂ ಕರಕಲಾಯಿತು. ಮೂರನೆಯದನ್ನು ಅವನು ಗೊಣಗುತ್ತ ತಿಂದ. ಅವಳು ಬರೀ ಟೀ ಕುಡಿದಳು.

ಬುಧವಾರ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ನರ್ಸ್ ಅವನ ಎದೆಗೆ ವೈರುಗಳನ್ನು ಅಂಟಿಸುತ್ತಿದ್ದಾಗ ಗ್ಲೆನಿಸ್ ಹೊರಗೆ ಹೋದವಳು ಒಂದು ಗಂಟೆ ಬಿಟ್ಟು ಬಂದಳು. ಕ್ಯಾಂಟೀನಿನ ಟೀ ಬಾಯಿಗಿಡುವಂತಿಲ್ಲ ಎಂದಳು. ಮೇಲಿನ ಮಹಡಿಯ ವೈದ್ಯರ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದ್ದನ್ನು ಹೇಳಲಿಲ್ಲ. ಮೇ ತಿಂಗಳ ಬಗ್ಗೆ ಕೇಳಿದಾಗ ಆ ವೈದ್ಯರು ಕನ್ನಡಕ ತೆಗೆದು ಒರೆಸುತ್ತ ಕೂತಿದ್ದರು. ಕ್ರಿಸ್‌ಮಸ್ ಚೆನ್ನಾಗಿ ಮಾಡಿ ಎಂದಷ್ಟೇ ಹೇಳಿದ್ದರು.

"ಆಶ್‌ಬಿ ಕಾಲುವೆ," ಎಂದಳು ಗ್ಲೆನಿಸ್. "ಇಪ್ಪತ್ತೆರಡು ಮೈಲಿ. ಒಂದೂ ಲಾಕ್ ಇಲ್ಲ."

"ಅದೇನು ಕಾಲುವೆನಾ? ಉದ್ದನೆ ಚರಂಡಿ!" ಅವನು ಪುಸ್ತಿಕೆಯನ್ನು ತನ್ನತ್ತ ಎಳೆದುಕೊಂಡ. ಮಗುಚಿಟ್ಟ ಪುಟ ತಾನಾಗಿ ತೆರೆದುಕೊಂಡಿತು. ಪೆನ್ಸಿಲಿನ ಗೆರೆ ಅವನ ಕಣ್ಣಿಗೆ ಬಿತ್ತು. ಜೋರಾಗಿಯೇ ಓದಿದ. "ಒಬ್ಬರೇ ಹೋಗುವುದಾದರೆ ಲಾಕ್ ಇಲ್ಲದ ಕಾಲುವೆಗೆ ಮಾತ್ರ ದೋಣಿ ಕೊಡಲಾಗುವುದು."

ಅವನ ಬೆರಳು ಆ ಗೆರೆಯ ಮೇಲೆಯೇ ನಿಂತಿತು.

"ಒಬ್ಬರೇ," ಎಂದ ಡೆರಿಕ್. "ಡಾಕ್ಟರ್ ನಿನಗೇನೋ ಹೇಳಿದಾರೆ."

"ಡೆರಿಕ್..."

"ಬಿಡು ಕಣೆ. ನನ್ನ ಗೋರಿ ಮಣ್ಣು ಆರೋಕೆ ಮುಂಚೆ ಹೊರಟುಬಿಡ್ತೀಯಾ, ಅಂತೂ!" ನಗಲು ಹೋಗಿ ಕೆಮ್ಮಿದ. "ಚುಕ್ಕಾಣಿ ಯಾರು ಹಿಡೀತಾರೆ? ಒಂದು ದಿನ ಮುಟ್ಟಿದೋಳಲ್ಲ. ಮೊದಲನೇ ಸೇತುವೆಗೇ ಗುದ್ದಿ ನಿಲ್ಲಿಸ್ತೀಯಾ."

ಅವಳು ಅಲ್ಲ ಎನ್ನಲಿಲ್ಲ. ಹೌದೆನ್ನಲೂ ಇಲ್ಲ. ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ತಿರುಗಿದಳು. ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಪಿನ್ನು ಹಾಕಿ ಬಿಗಿದಿದ್ದಳು.

"ಲಾಕ್ ಯಾಕೆ ಬೇಕು ಗೊತ್ತಾ ನನಗೆ?" ಅವನು ಅವಳ ಬೆನ್ನಿಗೆ ಹೇಳಿದ. "ದೋಣಿ ಕೆಳಗಡೆ ಇರುತ್ತೆ. ನಾಲ್ಕು ಕಡೆ ಒದ್ದೆ ಗೋಡೆ, ಬಾವೀಲಿ ಬಿದ್ದಂಗೆ. ತಲೆ ಎತ್ತಿದ್ರೆ ನಿನ್ನ ಬೂಟು ಮಾತ್ರ ಕಾಣುತ್ತೆ. ಆಮೇಲೆ ನೀರು ಏರುತ್ತೆ. ಮೊಣಕಾಲು, ಕೋಟು... ಕೊನೆಗೆ ನಿನ್ನ ಸಿಡುಕು ಮೋರೆ. ಮೂವತ್ತೊಂದು ವರ್ಷ ನಾನು ಬಂದಿದ್ದು ಅದಕ್ಕೇ. ನೀರು ನೋಡೋಕಲ್ಲ."

ಗ್ಲೆನಿಸ್ ನಲ್ಲಿ ನಿಲ್ಲಿಸಲಿಲ್ಲ. ತಟ್ಟೆ ಎಂದೋ ಶುಚಿಯಾಗಿತ್ತು.

"ಈಗ ಹೇಳ್ತಿದೀಯಾ ಇದನ್ನ?" ಎಂದಳು ಕೊನೆಗೆ. "ನಾನು ಅಲ್ಲಿ ಬೆನ್ನು ಮುರ್ಕೊಂಡು ಬಾಗಿಲು ನೂಕ್ತಿದ್ರೆ, ಬೇಗ ಬೇಗ ಅಂತ ಕೂಗೋನು!"

"ಕೂಗಿದ್ರೆ ತಾನೆ ನೀನು ಬಗ್ಗಿ ನೋಡ್ತಿದ್ದಿದ್ದು?"

ಅವಳು ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ಸರಿ," ಎಂದ ಅವನು. ದನಿಯಲ್ಲಿ ಜಗಳ ಉಳಿದಿರಲಿಲ್ಲ. "ಆಶ್‌ಬಿಗೇ ಫೋನ್ ಮಾಡು. ಹೋಗೋರು ಆರಿಸ್ಕೋಬೇಕು. ಉಳಿದೋರ ಮಾತು ಯಾಕೆ ಅಲ್ಲಿ."

ಅವಳು ಹೊರಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಂದು ಕೈಯಿಂದ ನೋಯುವ ಪಕ್ಕೆ ಒತ್ತಿಕೊಂಡು ನಂಬರು ಒತ್ತಿದಳು. ಫೋನ್ ಎತ್ತಿದ ಹುಡುಗಿಯ ದನಿ ಎಳೆಯದಾಗಿತ್ತು.

"ಆಶ್‌ಬಿ, ಮೇ ಎರಡನೇ ವಾರ. ಬರ್ಕೊಂಡೆ. ಎಷ್ಟು ಜನ?"

"ಒಬ್ಬರೇ."

"ಮೊದಲು ದೋಣಿ ನಡೆಸಿ ಅಭ್ಯಾಸ ಇದೆಯಾ?"

"ಮೂವತ್ತೊಂದು ವರ್ಷ."

"ಓಹೋ, ಹಾಗಾದ್ರೆ ನಾವೇ ನಿಮ್ಮತ್ರ ಕಲೀಬೇಕು! ನಿಮ್ಮ ಹೆಸರು ಹೇಳಿ."

"ಹೋಗೋದು ನಾನಲ್ಲಮ್ಮ," ಎಂದಳು ಗ್ಲೆನಿಸ್, ದನಿ ತಗ್ಗಿಸಿ. "ನನ್ನ ಗಂಡನ ಹೆಸರು ಬರ್ಕೊ."