ಬಲಗಡೆಯ ಎಣ್ಣೆ

ಹೆಂಡತಿಯ ಕಿವಿಗೆ ಔಷಧಿ ಹಾಕುವ ಡ್ರಾಪರ್ ಹಿಡಿದು, ರಸ್ತೆಯವರಿಗೆ ಕಾಣದ ಹಾಗೆ ದರ್ಜಿ ಮೈದಾನದಲ್ಲಿ ನಿಲ್ಲಿಸಿದ ತನ್ನ ಮೋಟಾರ್‌ಸೈಕಲ್ಲಿನ ಬಲಗಡೆ ಕುಕ್ಕರಗಾಲಲ್ಲಿ ಕೂತಿದ್ದ. ಅತ್ತಿತ್ತ ನೋಡಿ, ಎಂಜಿನ್ನಿನ ಕೆಳಗೆ ನೆಲದ ಮೇಲೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟ.

ಆ ಗಾಡಿ ಸೋರಲೇಬೇಕಿತ್ತು. ಸಮುದ್ರದಾಚೆ ಅದನ್ನು ತಯಾರಿಸಿದ ಕಂಪನಿ ಬಾಗಿಲು ಮುಚ್ಚಿ ಯಾವ ಕಾಲವಾಯಿತೋ. ಗಡಿಗೆಯಂಥ ಟ್ಯಾಂಕು, ಕೂತರೆ ಬೆನ್ನು ಮುರಿಯುವ ಸೀಟು. ಹುಟ್ಟಿದೂರಿನಲ್ಲೇ ಅದನ್ನು ಮೂಸಿ ನೋಡುವವರಿರಲಿಲ್ಲ. ಇಲ್ಲಿ ಮಾತ್ರ ಅದಕ್ಕೊಂದು ಸಂಘವಿತ್ತು. ಪ್ರತಿ ಭಾನುವಾರ ಸದಸ್ಯರು ಮೈದಾನದಲ್ಲಿ ಗಾಡಿ ನಿಲ್ಲಿಸಿ, ಕೆಳಗಿನ ಎಣ್ಣೆ ಕಲೆ ನೋಡಿ, "ಏನು ಸೋರತ್ತೆ ರೀ ನಿಮ್ದು!" ಎಂದು ಹೊಗಳಿಕೊಳ್ಳುತ್ತಿದ್ದರು. ಸೋರುವುದೇ ಅಸಲಿ ಎಂಜಿನ್ನಿನ ಗುರುತು.

ದರ್ಜಿಯ ಅಸಲಿ ಎಂಜಿನ್ ಹೋದ ತಿಂಗಳು ಕೈಕೊಟ್ಟಿತ್ತು. ಬಿಡಿಭಾಗ ಸಿಗಲಿಲ್ಲ. ಹಾಲಿನವರು ಓಡಿಸುವಂಥ ಸಾದಾ ಬೈಕಿನ ಎಂಜಿನ್ನನ್ನು ಹಳೆಯ ಹೊದಿಕೆಯೊಳಗೆ ಗುಟ್ಟಾಗಿ ಕೂರಿಸಿದ್ದ. "ಹಾಳಾದ್ದು, ಒಂದು ತೊಟ್ಟೂ ಸೋರಲ್ಲ ಕಣೇ" ಎಂದು ಗೋಳಾಡಿದಾಗ ಹೆಂಡತಿ ಡ್ರಾಪರ್ ಕೊಟ್ಟಿದ್ದಳು.

"ನನ್ನ ಕಿವಿಗೆ ಹಾಕೋದು. ತೊಳೆದು ವಾಪಸ್ ಕೊಡಿ."

ಅವಳಿಗೆ ತಮಾಷೆ. ಹೋದ ವರ್ಷ ಬೇಕರಿಯವನನ್ನು ಎಂಜಿನ್ ವಿಚಾರಕ್ಕೇ ಸಂಘದಿಂದ ಹೊರಹಾಕಿದ್ದರು. ದಿನವಿಡೀ ಊರವರ ಸೊಂಟ ಅಳೆಯುವ ದರ್ಜಿಗೆ ಸ್ನೇಹಿತರೆಂದರೆ ಇವರೇ. ಇವರೂ ಹೋದರೆ ಅವನಿಗೆ ಭಾನುವಾರವೇ ಇಲ್ಲ.

ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿಳಿದರು. ಹಿಂದೆಯೇ ಉಳಿದವರೂ ಬಂದು ಸಾಲಾಗಿ ಗಾಡಿ ನಿಲ್ಲಿಸಿದರು; ಸದಸ್ಯರೆಲ್ಲ ಯಾವಾಗಲೂ ಸಮಯಕ್ಕೇ ಬರುತ್ತಿದ್ದರು. ಡಾಕ್ಟರ ಬಿಳಿ ಅಂಗಿ ಹೊಲಿದವನು ದರ್ಜಿಯೇ. ಅದರ ಮೇಲೆ ಇವತ್ತಿಗೂ ಒಂದು ಕಲೆಯಿಲ್ಲ. ಗಾಡಿ ರಿಪೇರಿ ಬಲ್ಲವರೆಂದರೆ ಹೀಗಿರಬೇಕು ಎಂದು ಅವನಿಗೆ ಹೊಟ್ಟೆಕಿಚ್ಚು.

ಡಾಕ್ಟರು ಬಗ್ಗಿ ಅವನ ಗಾಡಿಯ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಈ ಗಾಡಿ ಸೋರೋದು ಎಡಗಡೆ. ನಿಮ್ದು ಬಲಗಡೆ ಸೋರಿದೆಯಲ್ಲ?"

ದರ್ಜಿ ಕೈಮುಗಿದ. "ಎಂಜಿನ್ ಬದಲಾಯಿಸಿದೀನಿ ಸಾರ್, ನಿಜ. ಬೇಕರಿಯವನ ಹಾಗೆ ನನ್ನನ್ನೂ ತೆಗೆದುಹಾಕಬೇಡಿ."

ಡಾಕ್ಟರು ಸುತ್ತ ಒಮ್ಮೆ ಕಣ್ಣಾಡಿಸಿದರು. ಜೇಬಿನಿಂದ ಒಂದು ಡ್ರಾಪರ್ ತೆಗೆದು, ಅವನ ಗಾಡಿಯ ಎಡಗಡೆ ನಾಲ್ಕು ತೊಟ್ಟು ಬಿಟ್ಟರು.

"ನಾವೆಲ್ಲ ಎಡಗಡೆ ಹಾಕ್ತೀವಿ."

ದರ್ಜಿ ತಲೆಯೆತ್ತಿ ನೋಡಿದ. ಸಾಲಿನುದ್ದಕ್ಕೂ ಸದಸ್ಯರು ತಮ್ಮ ತಮ್ಮ ಗಾಡಿಯ ಎಡಗಡೆ ಕುಕ್ಕರಗಾಲಲ್ಲಿ ಕೂತಿದ್ದರು.

"ಮತ್ತೆ ಬೇಕರಿಯವನು?"

ಡಾಕ್ಟರು ಮುಖ ಗಂಟಿಕ್ಕಿದರು. "ಥೂ, ಅವನದು ನಿಜವಾಗ್ಲೂ ಸೋರ್ತಿತ್ತು ಕಣ್ರೀ."