ದ್ಯಾಮಕ್ಕನ ಬಲಗಾಲು

“ಮೂಳಿ ಮುರಿದಿಲ್ಲ, ಜಾರಿಲ್ಲ. ವಯಸ್ಸಿಗೆ ಸವೆದೈತಿ, ಅಷ್ಟೇ,” ಎಂದು ಡಾಕ್ಟರ್ ಶ್ರುತಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಸೊಂಟದ ಮೂಳಿಗಳ ನಡುವೆ ಮೆತ್ತಿ ಇರ್ತೈತಮ್ಮ. ಹಳೇ ಗಾದಿಯೊಳಗಿನ ಹತ್ತಿ ಕುಂತಂಗ ಅದು ಕುಂತುಬಿಟ್ಟೈತಿ. ಕೂದಲು ಬೆಳ್ಳಗಾದಂಗ ಇದೂ ಒಂದು. ಗುಳಿಗಿ ಕೊಡ್ತೀನಿ. ಭಾರ ಎತ್ತಬ್ಯಾಡ್ರಿ, ದಿನಾ ಸ್ವಲ್ಪ ಅಡ್ಡಾಡ್ರಿ.”

“ಕಾಲೆತ್ತಿ ಒದಿಯಾಕ ಬರ್ತೈತೇನ್ರಿ?” ದ್ಯಾಮಕ್ಕ ಕೇಳಿದಳು.

“ಈ ವಯಸ್ಸಿನಾಗ ಯಾರನ್ನ ಒದೀಬೇಕ್ರಿ?”

“ಊರ ಮಂದೀನ.”

ದ್ಯಾಮಕ್ಕ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಹರಪನಹಳ್ಳಿ ಪಕ್ಕದ ಅರಸೀಕೆರೆ ಕಡೆ ಕೂಸಿಗೂ ಗೊತ್ತು. ಅಮಾವಾಸ್ಯೆ ಬೆಳಿಗ್ಗೆ ಅವಳ ಬಾಗಿಲ ಮುಂದೆ ಮಂದಿ ಬೋರಲು ಮಲಗುತ್ತಿದ್ದರು. ಇವಳು ಬಲಗಾಲೆತ್ತಿ ಮೆಲ್ಲಗೆ ಒದೆಯುತ್ತಿದ್ದಳು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಆ ಮರ್ಯಾದೆಯೇ ಅವಳ ಆಸ್ತಿ. ಈಗ ಅವಳದೇ ಸೊಂಟ ಹಿಡಿದಿತ್ತು. ತನ್ನ ಸೊಂಟಕ್ಕೆ ತಾನೇ ಒದ್ದುಕೊಳ್ಳುವ ವಿದ್ಯೆಯನ್ನು ದೇವರು ಕಲಿಸಿರಲಿಲ್ಲ. ಊರಿಗೆ ತಿಳಿದರೆ ನಗೆಪಾಟಲು ಎಂದು ಹೆದರಿ, ಸಂತೆಯ ನೆವ ಹೇಳಿ ಹರಪನಹಳ್ಳಿಗೆ ಬಂದಿದ್ದಳು.

ಎಕ್ಸ್‌ರೇ ಲಕೋಟೆ ಹಿಡಿದು ಹೊರಬಂದರೆ ಎದುರು ಬೆಂಚಿನ ಮೇಲೆ ಅವಳೂರಿನ ಸುಂಕಪ್ಪ! ಹೋದ ಅಮಾವಾಸ್ಯೆಗೆ ಒದೆಸಿಕೊಂಡು, “ಬಿಡ್ತು ನೋಡಕ್ಕಾ!” ಎಂದು ಹಿಗ್ಗಿ ಹೋದವನು. ಅವನ ಕೈಯಲ್ಲೂ ಅಂಥದೇ ಲಕೋಟೆ. ಅವನದು ಬೆನ್ನ ಹಿಂದೆ ಹೋಯಿತು, ಇವಳದು ಸೆರಗಿನೊಳಗೆ.

“ಸಂತಿಗೆ ಬಂದಿದ್ದೆಪ್ಪಾ.”

“ನಾನೂ ಸಂತಿಗೇ ಅಕ್ಕಾ.”

ಆಸ್ಪತ್ರೆಯೊಳಗೆ ಯಾವ ಸಂತೆ? ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಸೊಂಟ ಚುಳ್ಳೆಂದು ಇಬ್ಬರೂ ಬೆಂಚು ಹಿಡಿದುಕೊಂಡರು.

ನಗು ಇಳಿದ ಮೇಲೆ ದ್ಯಾಮಕ್ಕನ ಕಣ್ಣು ತುಂಬಿತು. “ಇನ್ನ ನನ್ನ ಕಾಲು ಏಳಂಗಿಲ್ಲಲೇ ಸುಂಕಪ್ಪ. ನನ್ನ ಬಾಗಿಲಿಗೆ ಯಾರು ಬರ್ತಾರ?”

ಸುಂಕಪ್ಪ ತಲೆ ಕೆರೆದುಕೊಂಡ. ಒದೆಸಿಕೊಂಡೂ ಡಾಕ್ಟರ ಹತ್ತಿರ ಬಂದ ತಪ್ಪು ಅವನಿಗೂ ಚುಚ್ಚುತ್ತಿತ್ತು. “ನಿನ್ನ ಕಾಲು ಏಳದಿದ್ರ ಏನಾತಕ್ಕಾ? ನಮ್ಮ ಸೊಂಟಾನೇ ಅದರ ಹತ್ರಕ್ಕ ಬರ್ತಾವ ಬಿಡು.”

ಮುಂದಿನ ಅಮಾವಾಸ್ಯೆ ಬಂತು. ದ್ಯಾಮಕ್ಕ ಅಂಗಳದಲ್ಲಿ ಗೋಡೆಗೊರಗಿ, ಬಲಗಾಲು ಚಾಚಿ ಕೂತಿದ್ದಳು. ಸುಂಕಪ್ಪ ಅವಳಿಗೆ ಬೆನ್ನು ಮಾಡಿ, ಟ್ರ್ಯಾಕ್ಟರ್ ಹಿಂದಕ್ಕೆ ಬರುವಂತೆ ಕೂತಲ್ಲಿಂದಲೇ ತೆವಳುತ್ತಾ ಬರುತ್ತಿದ್ದ. ಬೇಲಿಯ ಪಕ್ಕ ಇನ್ನೂ ನಾಲ್ಕಾರು ಸೊಂಟಗಳು ಸರದಿ ಕಾಯುತ್ತಿದ್ದವು.

“ಬರ್ಲಿ, ಬರ್ಲಿ… ಚೂರು ಎಡಕ್ಕ… ಹಾಂ, ಸಾಕು!” ಅವಳ ಅಂಗಾಲು ಅವನ ಸೊಂಟಕ್ಕೆ ತಾಗಿತು. “ಆತೇಳು. ಈಗ ಮನಿಗೆ ಹೋಗಿ ಡಾಕ್ಟ್ರಮ್ಮನ ಗುಳಿಗಿ ನುಂಗು. ನಂದು ಆಗ್ಲೇ ನುಂಗಿ ಆಗೈತಿ.”