ನಾಲ್ಕನೇ ತುಂಡಿನ ಹುಲ್ಲು

ಆಲಾಸಿ ಒಣಹುಲ್ಲು ತೂಗಿ ಕಾಗದದ ಚೀಲಗಳಿಗೆ ತುಂಬುತ್ತಿದ್ದಳು. ಕೆನಡಾದ ಉತ್ತರ ತುದಿಯ ಆ ಹಿಮದೂರಿನ ಸಂಶೋಧನಾ ಕೇಂದ್ರಕ್ಕೆ ನಾಳಿದ್ದು ಬೀಗ. ಮತ್ತೆ ಜುಲೈವರೆಗೆ ಅವಳಿಗೆ ಅಂಗಡಿಯ ನೆಲ ಒರೆಸುವ ಕೆಲಸವೇ ಗತಿ.

ಎದುರಿಗೆ ಮರ್ಡಾಕ್ ಮೇಷ್ಟ್ರು ನಾಳೆಯ ಭಾಷಣವನ್ನು ಜೋರಾಗಿ ಓದಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವರದು ಒಂದೇ ಕ್ರಮ: ಜುಲೈಯಲ್ಲಿ ವಿಮಾನ ಇಳಿದು, ಬಯಲಲ್ಲಿ ಕಬ್ಬಿಣದ ಗೂಟ ನೆಟ್ಟ ನಾಲ್ಕು ತುಂಡು ನೆಲದ ಹುಲ್ಲು ಅಳೆಯುವುದು, ಸೆಪ್ಟೆಂಬರಿನಲ್ಲಿ ಊರ ಶಾಲೆಗೆ ವಿಜ್ಞಾನ ಹೇಳುವುದು, ಮೊದಲ ಹಿಮ ಬಿದ್ದೊಡನೆ ಒಟ್ಟಾವಾಕ್ಕೆ ಹಾರುವುದು.

"ಮೂರು ತುಂಡಲ್ಲಿ ಹುಲ್ಲು ಬೆರಳುದ್ದ. ನಾಲ್ಕನೇದರಲ್ಲಿ ಗೇಣುದ್ದ! ಆ ಮಣ್ಣಲ್ಲಿ ಜಗತ್ತಿಗೇ ಗೊತ್ತಿಲ್ಲದ ಸೂಕ್ಷ್ಮಜೀವಿ ಇದೆ ಆಲಾಸಿ. ನಾಳೆ ಇಡೀ ಊರಿನ ಮುಂದೆ ಹೇಳ್ತೀನಿ."

ಇಡೀ ಊರಿನ ಮುಂದೆ! ಆಲಾಸಿ ಚೀಲ ಕೆಳಗಿಟ್ಟಳು. ಇದೇ ಮೇಷ್ಟ್ರ ತರಗತಿಯಲ್ಲಿ ಒಮ್ಮೆಯೂ ಕೈಯೆತ್ತಲಾರದೆ ಶಾಲೆ ಬಿಟ್ಟವಳು ಈಗ ಕೈಯೆತ್ತಿದಳು.

"ಅದನ್ನ ಹೇಳ್ಬೇಡಿ ಮೇಷ್ಟ್ರೇ. ನಗ್ತಾರೆ."

"ಯಾಕಮ್ಮ?"

ಅವಳ ಕಿವಿ ಕೆಂಪಾಯಿತು. ಬಾಗಿಲ ಬಳಿ ಹಸಿ ಮೀನು ಕೊಯ್ದು ಬಾಯಿಗಿಡುತ್ತಿದ್ದ ಅವಳ ಅಜ್ಜಿ ಕೌನಾಕ್‌ಗೆ ತಡೆಯಲಾಗಲಿಲ್ಲ. "ನಾಯಿ ಹೇಲು ಅನ್ನೋಕೆ ಅದೇನೇ ನಾಚಿಕೆ? ನೋಡಪ್ಪ, ನಾಲ್ಕನೇದು ನಮ್ಮನೆ ಪಕ್ಕದ್ದು. ಹಿಮದಲ್ಲಿ ಬಂಡಿ ಎಳೆಯೋ ನಾಯಿ ಕಟ್ಟೋಕೆ ನಿನ್ನ ಗೂಟದಷ್ಟು ಗಟ್ಟಿ ಗೂಟ ಊರಲ್ಲೇ ಇಲ್ಲ. ಹನ್ನೊಂದು ನಾಯಿ, ಎಂಟು ತಿಂಗಳು. ನೀನು ಬರೋಷ್ಟರಲ್ಲಿ ನಾನೇ ಗುಡಿಸಿ ಚೊಕ್ಕ ಮಾಡ್ತೀನಿ. ಪಾಪ, ಮಂಡಿಯೂರಿ ಕೂರ್ತೀಯಲ್ಲ!"

ಮೇಷ್ಟ್ರು ತಮ್ಮ ಮಂಡಿ ನೋಡಿಕೊಂಡರು.

"ಇಪ್ಪತ್ತೆರಡು ವರ್ಷ ಒಬ್ಬರೂ ಹೇಳಲಿಲ್ವಾ?"

"ಹುಲ್ಲು ತುಳೀಬೇಡಿ ಅಂತ ನೀನೇ ಬೋರ್ಡು ಹಾಕಿದ್ದೆ," ಅಂದಳು ಅಜ್ಜಿ. "ನಾವು ತುಳೀಲಿಲ್ಲ. ಚಳಿಗಾಲದಲ್ಲಿ ಹುಲ್ಲೆಲ್ಲಿರುತ್ತೆ, ಬರೀ ಹಿಮ!"

ಮೇಷ್ಟ್ರು ಭಾಷಣದ ಹಾಳೆಗಳನ್ನು ಬೋರಲು ಹಾಕಿದರು. "ಚಳಿಗಾಲದ ವಿವರ ಒಂದಾದರೂ ನನ್ನ ಹತ್ತಿರ ಇದ್ದಿದ್ರೆ..."

ಆಲಾಸಿ ಕೋಟಿನ ಜೇಬಿನಿಂದ ಮುದುಡಿದ ಶಾಲಾ ನೋಟುಬುಕ್ಕು ತೆಗೆದು ಅವರ ಮುಂದಿಟ್ಟಳು. ಎರಡು ಚಳಿಗಾಲ, ದಿನಕ್ಕೊಂದು ಸಾಲು: ತಾರೀಖು, ಚಳಿ, ಗಾಳಿ, ಯಾವ ಗೂಟಕ್ಕೆ ಯಾವ ನಾಯಿ.

ಮೇಷ್ಟ್ರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು.

"ಚಳಿಗಾಲಕ್ಕೂ ನನ್ನನ್ನ ಕೆಲಸಕ್ಕೆ ಇಟ್ಕೊಳ್ಳಿ ಮೇಷ್ಟ್ರೇ."

ಈ ಸಲ ಅವಳ ಪರವಾಗಿ ಮಾತಾಡಲು ಅಜ್ಜಿಯ ಬಾಯಿ ತುಂಬ ಮೀನಿತ್ತು. ಮೇಷ್ಟ್ರ ಬೆರಳು ಇನ್ನೂ ನೋಟುಬುಕ್ಕಿನ ಜನವರಿಯಲ್ಲಿತ್ತು.